ಸಿಬಿ ಪಾಯಿಂಟ್ ಹೋಯಿತು, ಟ್ಯೂನಿಂಗ್ ಬಾಕಿ ಇದೆ: ಹಳೇ ಅಂಬಾಸಿಡರ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ

ಹಳೇ ಅಂಬಾಸಿಡರ್ ಇಟ್ಟುಕೊಂಡವರ ಬಾಯಲ್ಲಿ ಒಂದು ದೂರು ಆಗಾಗ ಕೇಳಿಸುತ್ತದೆ. ಸಿಬಿ ಪಾಯಿಂಟ್, ಅಂದರೆ ಪ್ಲಗ್‌ಗೆ ಕಿಡಿ ಕೊಡಿಸುವ ಹಳೇ ಸ್ವಿಚ್, ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದೆವು. ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಏರಿನಲ್ಲಿ ಕಟಕಟ ಅನ್ನುತ್ತದೆ. ಐಡ್ಲಿಂಗ್ ಒಂದೇ ಸಮ ನಿಲ್ಲುವುದಿಲ್ಲ. ಸೈಲೆನ್ಸರ್ ಬಾಯಿ ಕಪ್ಪಾಗಿದೆ, ಮೈಲೇಜ್ ಮೊದಲಿಗಿಂತ ಕಮ್ಮಿ. ಕಿಟ್ಟೇ ಸರಿಯಿಲ್ಲ ಅಂತ ಕಿತ್ತು ಹಾಕಿ ಮತ್ತೆ ಪಾಯಿಂಟ್‌ಗೆ ಮರಳಿದವರೂ ಇದ್ದಾರೆ.

ಸಾಮಾನ್ಯವಾಗಿ ಇದರಲ್ಲಿ ಕಿಟ್‌ನ ತಪ್ಪೇನೂ ಇರುವುದಿಲ್ಲ. ಕಿಟ್ ಬದಲಾಯಿಸಿದ್ದು ಒಂದೇ ಒಂದು ಸ್ವಿಚ್ಚನ್ನು. ಆ ಹಳೇ ಸ್ವಿಚ್ಚಿನ ಕೊರತೆ ಮುಚ್ಚಲು ವರ್ಷಗಟ್ಟಲೆ ಮಾಡಿಕೊಂಡು ಬಂದ ಹೊಂದಾಣಿಕೆಗಳೆಲ್ಲ ಇಂಜಿನ್ನಿನಲ್ಲಿ ಹಾಗೇ ಉಳಿದಿವೆ. ಕಿಡಿಯನ್ನು ನಾಲ್ಕು ಪ್ಲಗ್‌ಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂಚೂರು ತಿರುಗಿಸಿಟ್ಟದ್ದು, ಕಾರ್ಬೊರೇಟರಿಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬಿಟ್ಟದ್ದು, ಐಡ್ಲಿಂಗ್ ಏರಿಸಿದ್ದು, ಪ್ಲಗ್ ಗ್ಯಾಪ್ ಕಮ್ಮಿ ಮಾಡಿದ್ದು, ಎಲ್ಲವೂ. ಈಗ ಸ್ವಿಚ್ ಸರಿಹೋಗಿದೆ, ಹೊಂದಾಣಿಕೆಗಳೇ ತಪ್ಪಾಗಿ ಕೂತಿವೆ. ಅದಕ್ಕೇ ಕಿಟ್ ಹಾಕಿದ ಮೇಲೆ ಇಂಜಿನ್ನನ್ನು ಮೊದಲಿನಿಂದ ಟ್ಯೂನ್ ಮಾಡಬೇಕು. ಅದಕ್ಕೊಂದು ಕ್ರಮ ಇದೆ: ಮೊದಲು ಕಿಡಿ ಮತ್ತು ವಾಲ್ವ್, ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಕಾರ್ಬೊರೇಟರ್ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ನಾನು ಮುಖ್ಯವಾಗಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಇಂಜಿನ್ ಇರುವ ಅಂಬಾಸಿಡರ್ ಬಗ್ಗೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯ ಈ ಇಂಜಿನ್ 1959ರಲ್ಲಿ ಅಂಬಾಸಿಡರ್‌ಗೆ ಬಂತು. ಅದಕ್ಕೂ ಮುಂಚೆ ಇದ್ದದ್ದು ಸೈಡ್ ವಾಲ್ವ್ ಇಂಜಿನ್. ಎಂಜಿಬಿ ಸ್ಪೋರ್ಟ್ಸ್ ಕಾರಿನ ಇಂಜಿನ್ ಕೂಡ ಇದೇ ಮನೆತನದ್ದು, ಸೈಜ್ ಮಾತ್ರ ದೊಡ್ಡದು. ಹಾಗಾಗಿ ಈ ಇಂಜಿನ್ನಿನ ಗುಣ, ದೋಷ ಎರಡೂ ಜಗತ್ತಿನ ತುಂಬಾ ಗೊತ್ತಿರುವಂಥವು. ಕೋಲ್ಕತ್ತಾ ಹತ್ತಿರದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತರೂ ಬಿಡಿಭಾಗಗಳಿಗೆ ಇನ್ನೂ ಬರ ಬಂದಿಲ್ಲ. ಫಿಯೆಟ್, ಪದ್ಮಿನಿ, ಮಾರಿಸ್ ಮೈನರ್ ಇಟ್ಟುಕೊಂಡವರಿಗೂ ಇಲ್ಲಿನ ತತ್ವ ಅದೇ. ಅಂಕಿಗಳನ್ನು ಮಾತ್ರ ಆಯಾ ಕಾರಿನ ಮ್ಯಾನ್ಯುಯಲ್ ನೋಡಿ ತೆಗೆದುಕೊಳ್ಳಿ.

ಸಿಬಿ ಪಾಯಿಂಟ್ ಮಾಡುತ್ತಿದ್ದ ಕೆಲಸ

ಬ್ಯಾಟರಿಯ 12 ವೋಲ್ಟಿನಿಂದ ಪ್ಲಗ್‌ನಲ್ಲಿ ಕಿಡಿ ಹಾರುವುದಿಲ್ಲ. ಅದಕ್ಕೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಬೇಕು. ಇದಕ್ಕೊಂದು ಸರಳ ಉಪಾಯ ಹುಡುಕಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಆ ಏರ್ಪಾಡು ಹೆಚ್ಚುಕಮ್ಮಿ ಹಾಗೇ ಅಂಬಾಸಿಡರ್‌ವರೆಗೂ ನಡೆದುಬಂತು. ಕಾಯಿಲ್‌ನೊಳಗೆ ಕರೆಂಟ್ ಹರಿಯಲು ಬಿಡುವುದು, ಅದು ತುಂಬಿಕೊಂಡ ಹೊತ್ತಿಗೆ ಫಕ್ಕನೆ ಕಟ್ ಮಾಡುವುದು. ಕಟ್ ಆದ ಆ ಕ್ಷಣದಲ್ಲಿ ಕಾಯಿಲ್‌ನ ಇನ್ನೊಂದು ಸುತ್ತಿನಲ್ಲಿ ಭಾರಿ ವೋಲ್ಟೇಜ್ ಏಳುತ್ತದೆ. ಅದು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಮೂಲಕ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೂಲಕ ಪ್ಲಗ್‌ಗೆ ಹೋಗುತ್ತದೆ. ಕರೆಂಟ್ ಬಿಡುವ, ಕಟ್ ಮಾಡುವ ಸ್ವಿಚ್ಚೇ ಸಿಬಿ ಪಾಯಿಂಟ್.

ಈ ಪುಟ್ಟ ಸ್ವಿಚ್ಚಿಗೆ ಎಷ್ಟು ಕೆಲಸ ಅಂತ ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಇಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ 6000 ಕಿಡಿ ಬೇಕು. ಅಂದರೆ ಸೆಕೆಂಡಿಗೆ 100. ಒಂದು ಕಿಡಿಯಿಂದ ಮುಂದಿನ ಕಿಡಿಗೆ ಸಿಗುವ ಸಮಯ 10 ಮಿಲಿಸೆಕೆಂಡ್. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಪಾಯಿಂಟ್ ಮುಚ್ಚಿಕೊಂಡಿದ್ದು ಕಾಯಿಲ್ ತುಂಬಬೇಕು, ಉಳಿದ ಹೊತ್ತು ತೆರೆದಿರಬೇಕು. ಸೆಕೆಂಡಿಗೆ ನೂರು ಸಲ ಲೋಹಕ್ಕೆ ಲೋಹ ತಾಗಿ ಬಿಡುತ್ತದೆ. ಸುಡುವುದನ್ನು ತಗ್ಗಿಸುವ ಕಂಡೆನ್ಸರ್ ಪಕ್ಕದಲ್ಲೇ ಇದ್ದರೂ ಸಣ್ಣಗೆ ಸುಡುತ್ತಲೇ ಇರುತ್ತದೆ.

ಸುಡುವುದಕ್ಕಿಂತ ಸವೆಯುವುದು ದೊಡ್ಡ ತೊಂದರೆ. ಪಾಯಿಂಟಿನ ಒಂದು ಭಾಗ ಡಿಸ್ಟ್ರಿಬ್ಯೂಟರಿನ ಕ್ಯಾಮ್ ಮೇಲೆ ಉಜ್ಜಿಕೊಂಡು ಓಡುತ್ತದೆ. ಅದು ಸವೆದಂತೆಲ್ಲ ಗ್ಯಾಪ್ ಕಮ್ಮಿಯಾಗುತ್ತದೆ. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ. ತಡವಾಗಿ ತೆರೆದರೆ ಕಿಡಿಯೂ ತಡ. ಅಂದರೆ ಯಾರೂ ಮುಟ್ಟದೇ ಇದ್ದರೂ ನಿಮ್ಮ ಇಂಜಿನ್ನಿನ ಟೈಮಿಂಗ್ ದಿನೇದಿನೇ ಹಿಂದೆ ಬೀಳುತ್ತಾ ಹೋಗುತ್ತದೆ. ಪಿಕಪ್ ಕಮ್ಮಿ ಆಯಿತು ಅಂತ ಮೆಕ್ಯಾನಿಕ್ ಹತ್ತಿರ ಹೋದರೆ ಅವರು ಡಿಸ್ಟ್ರಿಬ್ಯೂಟರನ್ನು ಕಿವಿಯ ಅಂದಾಜಿನಲ್ಲಿ ಸ್ವಲ್ಪ ತಿರುಗಿಸಿ ಕೊಡುತ್ತಿದ್ದರು. ಅನುಭವಸ್ಥರ ಕೈಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಅದು ಸವೆದ ಪಾಯಿಂಟಿಗೆ ಮಾಡಿದ ಸೆಟ್ಟಿಂಗ್. ಆ ಪಾಯಿಂಟೇ ಈಗ ಇಲ್ಲ, ಅಲ್ವಾ?

ಕಿಟ್ ಮಾಡುವುದು ಇಷ್ಟು: ಕ್ಯಾಮ್ ಮೇಲೆ ನಾಲ್ಕು ಮ್ಯಾಗ್ನೆಟ್ ಇರುವ ಒಂದು ಉಂಗುರ ಕೂರುತ್ತದೆ. ಪಕ್ಕದಲ್ಲಿ ಒಂದು ಹಾಲ್ ಸೆನ್ಸರ್. ಮ್ಯಾಗ್ನೆಟ್ ಹಾದುಹೋದಾಗ ಸೆನ್ಸರ್ ಗುರುತಿಸುತ್ತದೆ, ಟ್ರಾನ್ಸಿಸ್ಟರ್ ಕಾಯಿಲ್‌ನ ಕರೆಂಟ್ ಕಟ್ ಮಾಡುತ್ತದೆ. ಒಂದಕ್ಕೊಂದು ತಾಗುವುದಿಲ್ಲ, ಹಾಗಾಗಿ ಸವೆಯುವುದಿಲ್ಲ. ಮ್ಯಾಗ್ನೆಟ್ ಬದಲು ಬೆಳಕಿನ ಸೆನ್ಸರ್ ಬಳಸುವ ಕಿಟ್‌ಗಳೂ ಇವೆ, ಕೆಲಸ ಅದೇ. ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಸೆನ್ಸರ್ ಕಟ್ ಮಾಡುವ ಜಾಗ ಹಳೇ ಪಾಯಿಂಟ್ ತೆರೆಯುತ್ತಿದ್ದ ಜಾಗವೇ ಆಗಿರಬೇಕು ಅಂತೇನಿಲ್ಲ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಅಲ್ಲಿ 3 ಡಿಗ್ರಿ ವ್ಯತ್ಯಾಸವಾದರೆ ಕ್ರ್ಯಾಂಕಿನಲ್ಲಿ 6 ಡಿಗ್ರಿ. ಏರಿನಲ್ಲಿ ಕಟಕಟ ಅನ್ನಲು ಅಷ್ಟು ಸಾಕು.

ಇನ್ನೊಂದು ಮಾತು. ಈ ಕಿಟ್ ಹಾಕಿದರೆ ಪವರ್ ಹೆಚ್ಚಾಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಹೊಸ ಪಾಯಿಂಟ್ ಹಾಕಿ, ಗ್ಯಾಪ್ ಸರಿಯಾಗಿಟ್ಟು, ಟೈಮಿಂಗ್ ಸರಿಯಾಗಿಟ್ಟ ಇಂಜಿನ್ನಿಗೂ ಕಿಟ್ ಹಾಕಿದ ಇಂಜಿನ್ನಿಗೂ ಮಾಮೂಲಿ ಓಡಾಟದಲ್ಲಿ ಶಕ್ತಿಯ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕಿಟ್ಟಿನ ಲಾಭ ಬೇರೆ. ಇವತ್ತು ಇಟ್ಟ ಟೈಮಿಂಗ್ ಐದು ಸಾವಿರ ಕಿಲೋಮೀಟರ್ ಆದ ಮೇಲೂ ಅಲ್ಲೇ ಇರುತ್ತದೆ. ಹಳೇ ಕಾರಿಗೆ ಇದು ಸಣ್ಣ ಲಾಭ ಅಲ್ಲ.

ಟೈಮಿಂಗ್ ಲೈಟ್ ಕೈಗೆತ್ತಿಕೊಳ್ಳುವ ಮುಂಚೆ

ಮೊದಲು ಬ್ಯಾಟರಿ ನೋಡಿ. ಯಾವ ಟರ್ಮಿನಲ್ ಬಾಡಿಗೆ ಹೋಗಿದೆ? 1960ರ ದಶಕದ ಮಧ್ಯದವರೆಗಿನ ಬ್ರಿಟಿಷ್ ವಿನ್ಯಾಸದ ಎಷ್ಟೋ ಕಾರುಗಳಲ್ಲಿ ಪಾಸಿಟಿವ್ ಬಾಡಿಗೆ ಇರುತ್ತದೆ. ಪಾಯಿಂಟಿಗೆ ಯಾವ ಕಡೆಯಾದರೂ ಒಂದೇ. ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಹಾಗಲ್ಲ, ಉಲ್ಟಾ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತದೆ. ಕಿಟ್ ಕೊಳ್ಳುವಾಗಲೇ ಇದನ್ನು ನೋಡಿ ಕೊಳ್ಳಬೇಕು.

ಆಮೇಲೆ ಕಾಯಿಲ್. ಮಲ್ಟಿಮೀಟರಿನಲ್ಲಿ ಅದರ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಅಳೆಯಿರಿ. ನೇರವಾಗಿ 12 ವೋಲ್ಟಿಗೆ ಓಡುವ ಹಳೇ ಕಾಯಿಲ್‌ಗಳು ಸುಮಾರು 3 ಓಮ್ ತೋರಿಸುತ್ತವೆ. ನಾಲ್ಕು ಸಿಲಿಂಡರ್ ಕಾರಿನ ಸಾದಾ ಹಾಲ್ ಕಿಟ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವುದೂ ಇದೇ. 1.5 ಓಮ್ ತೋರಿಸಿದರೆ ಅದು ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಓಡಬೇಕಾದ ಕಾಯಿಲ್. ಅದನ್ನು ನೇರವಾಗಿ ಕೊಟ್ಟರೆ ಕರೆಂಟ್ ಎರಡರಷ್ಟು ಹರಿದು ಕಾಯಿಲ್ ಕಾಯುತ್ತದೆ, ಮಾಡ್ಯೂಲೂ ಹೋಗುತ್ತದೆ. ಕೀ ಆನ್ ಮಾಡಿ ಇಂಜಿನ್ ಓಡಿಸದೆ ಸುಮ್ನೆ ಕೂರುವುದೂ ಕೆಟ್ಟದ್ದೇ. ಸಾದಾ ಮಾಡ್ಯೂಲುಗಳು ಹೆಚ್ಚಾಗಿ ಸಾಯುವುದು ಹೀಗೇ.

ಡಿಸ್ಟ್ರಿಬ್ಯೂಟರಿನ ಒಳಗೆ ಬೇಸ್ ಪ್ಲೇಟಿನಿಂದ ಬಾಡಿಗೆ ಹೋಗುವ ಒಂದು ಸಣ್ಣ ನೂಲಿನಂಥ ವೈರ್ ಇರುತ್ತದೆ. ಬಟ್ಟೆ ಹೊದಿಕೆಯ ಆ ವೈರ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಎಳೆಗಳು ತುಂಡಾಗಿರುತ್ತವೆ. ಅದೇ ಅರ್ತ್. ಪಕ್ಕದ ವ್ಯಾಕ್ಯೂಮ್ ಡಬ್ಬಿ ಆ ಪ್ಲೇಟನ್ನು ಎಳೆದಾಗಲೆಲ್ಲ ಇಂಜಿನ್ ಮಿಸ್ ಆಗುವ ಕಾಯಿಲೆಯ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ. ಹೊಸದು ಹಾಕಿಬಿಡಿ. ಹಳೇ ಕಂಡೆನ್ಸರಿಗೆ ಇನ್ನು ಕೆಲಸವಿಲ್ಲ. ಕಿಟ್ಟಿನವರು ಇಟ್ಟುಕೊಳ್ಳಿ ಅಂತ ಹೇಳದಿದ್ದರೆ ತೆಗೆಯಿರಿ.

ಮ್ಯಾಗ್ನೆಟ್ ಉಂಗುರ ಕೂರಿಸಿದ ಮೇಲೆ ರೋಟರ್ ಪೂರ್ತಿ ಕೆಳಗೆ ಇಳಿದಿದೆಯಾ ನೋಡಿ. ಉಂಗುರ ಸರಿಯಾಗಿ ಇಳಿಯದಿದ್ದರೆ ರೋಟರ್ ಎತ್ತರವಾಗಿ ನಿಂತು ಕ್ಯಾಪಿಗೆ ಉಜ್ಜುತ್ತದೆ. ಸೆನ್ಸರಿಗೂ ಉಂಗುರಕ್ಕೂ ನಡುವೆ ಕಿಟ್ ಹೇಳಿದಷ್ಟು ಜಾಗ ಇರಬೇಕು. ಅದು ಸಾಮಾನ್ಯವಾಗಿ 0.75 ಮಿ.ಮೀ. ಆಸುಪಾಸು. ಪ್ಲಗ್‌ಗೆ ಹೋಗುವ ಎಚ್‌ಟಿ ವೈರ್‌ಗಳು ಹಳೇ ತಾಮ್ರದ ಎಳೆಯವಾದರೆ ಕಾರ್ಬನ್ ಎಳೆಯವಕ್ಕೆ ಬದಲಾಯಿಸಿ. ತಾಮ್ರದ ವೈರಿನಿಂದ ಏಳುವ ರೇಡಿಯೋ ಗದ್ದಲಕ್ಕೆ ಸೆನ್ಸರ್ ತಬ್ಬಿಬ್ಬಾಗಿ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಕೊಡಬಹುದು.

ಪ್ಲಗ್ ಗ್ಯಾಪ್ ಬಗ್ಗೆ ಬೇಡದ ಉತ್ಸಾಹ ಕಾಣುತ್ತದೆ. ಈ ಇಂಜಿನ್ನಿಗೆ ಹಳೇ ಲೆಕ್ಕ 25 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದರೆ 0.64 ಮಿ.ಮೀ. ಹಳೇ ಕಾಯಿಲ್ಲೇ ಇದ್ದರೆ ಅಷ್ಟೇ ಇಡಿ. ಕಿಟ್ ಜೊತೆ ಜಾಸ್ತಿ ಶಕ್ತಿಯ ಕಾಯಿಲ್ ಕೂಡ ಹಾಕಿದ್ದರೆ ಮಾತ್ರ 35 ಥೌವರೆಗೆ ಹೋಗಬಹುದು. ಗ್ಯಾಪ್ ಹೆಚ್ಚಾದಷ್ಟೂ ವೋಲ್ಟೇಜ್ ಜಾಸ್ತಿ ಬೇಕು. ಅದನ್ನು ರೋಟರ್, ಕ್ಯಾಪ್, ವೈರ್ ಎಲ್ಲವೂ ತಡೆದುಕೊಳ್ಳಬೇಕು.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪ್ ಸರಿಮಾಡುವುದು ಕೂಡ, ಈಗಲೇ ಆಗಬೇಕು. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೇ ಇದ್ದರೆ ಆ ಸಿಲಿಂಡರಿನಲ್ಲಿ ಕಂಪ್ರೆಷನ್ ಇರುವುದಿಲ್ಲ. ಆಮೇಲೆ ಯಾವ ಟೈಮಿಂಗ್ ಇಟ್ಟರೂ ಐಡ್ಲಿಂಗ್ ಕುಂಟುತ್ತದೆ. ಈ ಇಂಜಿನ್ನಿಗೆ ಸಾಮಾನ್ಯ ಅಳತೆ 15 ಥೌ, 0.38 ಮಿ.ಮೀ. ಇಂಜಿನ್ ಬಿಸಿ ಇರುವಾಗಲೋ ತಣ್ಣಗಿರುವಾಗಲೋ ಅನ್ನುವುದನ್ನು ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ಯಾವ ವಾಲ್ವನ್ನು ಯಾವಾಗ ಸೆಟ್ ಮಾಡಬೇಕು ಅನ್ನುವುದಕ್ಕೆ ಒಂಬತ್ತರ ಲೆಕ್ಕ ಇದೆ. ಎಂಟನೇ ವಾಲ್ವ್ ಪೂರ್ತಿ ತೆರೆದಿದ್ದಾಗ ಒಂದನೆಯದನ್ನು, ಏಳನೆಯದು ತೆರೆದಿದ್ದಾಗ ಎರಡನೆಯದನ್ನು, ಆರನೆಯದು ತೆರೆದಿದ್ದಾಗ ಮೂರನೆಯದನ್ನು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ನಾಲ್ಕೂ ಪ್ಲಗ್ ಬಿಚ್ಚಿಟ್ಟು, ಕೀ ಆಫ್ ಮಾಡಿ, ಮುಂದಿನ ಹ್ಯಾಂಡಲ್ ಹಾಕಿ ತಿರುಗಿಸಿದರೆ ಆರಾಮಾಗಿ ಮುಗಿಯುವ ಕೆಲಸ.

ಕಿಡಿ ಯಾಕೆ ಮುಂಚೆಯೇ ಬೇಕು

ಪಿಸ್ಟನ್ ಮೇಲೆ ಬಂದು ನಿಂತಾಗ ಕಿಡಿ ಕೊಟ್ಟರೆ ಸಾಕಲ್ವಾ ಅನ್ನಿಸುತ್ತದೆ. ಸಾಕಾಗುವುದಿಲ್ಲ. ಪೆಟ್ರೋಲ್ ಗಾಳಿಯ ಮಿಶ್ರಣ ಒಮ್ಮೆಲೇ ಢಂ ಅನ್ನುವುದಿಲ್ಲ. ಕಿಡಿ ಹಾರಿದ ಜಾಗದಿಂದ ಬೆಂಕಿ ಹಬ್ಬಬೇಕು, ಅದಕ್ಕೆ ಒಂದೆರಡು ಮಿಲಿಸೆಕೆಂಡ್ ಹಿಡಿಯುತ್ತದೆ. ಒತ್ತಡ ತುತ್ತತುದಿಗೆ ಏರಬೇಕಾದದ್ದು ಪಿಸ್ಟನ್ ಮೇಲಿನ ತುದಿ ದಾಟಿ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿದಾಗ. ಜೋಕಾಲಿ ತೂಗುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಜೋಕಾಲಿ ಇನ್ನೂ ನಿಮ್ಮ ಕಡೆ ಬರುತ್ತಿರುವಾಗ ತಳ್ಳಿದರೆ ಕೈಗೆ ಪೆಟ್ಟು. ತುದಿ ಮುಟ್ಟಿ ಹಿಂದಿರುಗುವಾಗ ತಳ್ಳಿದರೆ ಚೆನ್ನಾಗಿ ತೂಗುತ್ತದೆ. ತೀರಾ ದೂರ ಹೋದ ಮೇಲೆ ತಳ್ಳಿದರೆ ಕೈಗೇ ಸಿಗುವುದಿಲ್ಲ.

ಇನ್ನು ವೇಗದ ಲೆಕ್ಕ. 700 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ ತಿರುಗುವುದು ಸುಮಾರು 4 ಡಿಗ್ರಿ. 3000 ಆರ್‌ಪಿಎಂನಲ್ಲಿ ಅದೇ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ. ಬೆಂಕಿ ಹಬ್ಬುವ ಸಮಯ ಅಷ್ಟೇನೂ ಬದಲಾಗುವುದಿಲ್ಲ. ಆದ್ದರಿಂದ ವೇಗ ಏರಿದಂತೆ ಕಿಡಿಯನ್ನು ಇನ್ನೂ ಮುಂಚೆ ಕೊಡಬೇಕು. ಇದಕ್ಕೇ ಅಡ್ವಾನ್ಸ್ ಅನ್ನುವುದು. ಈ ಕೆಲಸಕ್ಕೆ ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ಸಣ್ಣ ತೂಕ, ಎರಡು ಸ್ಪ್ರಿಂಗ್ ಇವೆ. ವೇಗಕ್ಕೆ ತೂಕಗಳು ಹೊರಕ್ಕೆ ಹಾರುತ್ತವೆ, ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಹಗುರವಾಗಿ ಓಡಿಸುವಾಗ ಇನ್ನಷ್ಟು ಅಡ್ವಾನ್ಸ್ ಕೊಡಲು ಪಕ್ಕದಲ್ಲಿ ವ್ಯಾಕ್ಯೂಮ್ ಡಬ್ಬಿ ಇದೆ.

ಕಿಟ್ ಇದಾವುದನ್ನೂ ಮುಟ್ಟಿಲ್ಲ. ಐವತ್ತು ವರ್ಷದ ಸ್ಪ್ರಿಂಗ್ ಐವತ್ತು ವರ್ಷದ್ದಾಗಿಯೇ ಇದೆ. ಎಲೆಕ್ಟ್ರಾನಿಕ್ ಅಂದ ತಕ್ಷಣ ಎಲ್ಲವೂ ತಾನೇ ಸರಿಮಾಡಿಕೊಳ್ಳುತ್ತದೆ ಅನ್ನುವ ಭಾವನೆ ಬರುತ್ತದಲ್ಲ, ಈ ಕಿಟ್‌ಗಳ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅದೇ. ಅಡ್ವಾನ್ಸನ್ನೂ ಕಂಪ್ಯೂಟರಿನಂತೆ ಲೆಕ್ಕ ಹಾಕಿ ಕೊಡುವ ಪೂರ್ತಿ ಡಿಸ್ಟ್ರಿಬ್ಯೂಟರುಗಳು ಬೇರೆಯೇ ಇವೆ, ಬೆಲೆಯೂ ಬೇರೆ.

ಟೈಮಿಂಗ್ ಇಡುವುದು

ಮೊದಲು ಒಂದನೇ ಸಿಲಿಂಡರನ್ನು ಕಂಪ್ರೆಷನ್ ತುದಿಗೆ ತನ್ನಿ. ರೇಡಿಯೇಟರ್ ಪಕ್ಕದ್ದೇ ಒಂದನೆಯದು. ಅದರ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಇಂಜಿನ್ ನಿಧಾನ ತಿರುಗಿಸಿದರೆ ಗಾಳಿ ಬೆರಳನ್ನು ತಳ್ಳುತ್ತದೆ. ಅದೇ ಕಂಪ್ರೆಷನ್. ವಾಲ್ವ್ ಕವರ್ ಬಿಚ್ಚಿದ್ದರೆ ಇನ್ನೂ ಖಚಿತವಾದ ಗುರುತಿದೆ. ನಾಲ್ಕನೇ ಸಿಲಿಂಡರಿನ ಒಂದು ರಾಕರ್ ಏಳುತ್ತಾ ಇನ್ನೊಂದು ಇಳಿಯುತ್ತಾ ಇದ್ದರೆ ಒಂದನೆಯದು ಕಂಪ್ರೆಷನ್ ತುದಿಯಲ್ಲಿದೆ ಅಂತ ಅರ್ಥ. ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಟೈಮಿಂಗ್ ಕವರಿನಲ್ಲಿ ಮೂರು ಹಲ್ಲಿನಂಥ ಮೊನೆಗಳಿರುತ್ತವೆ. ಉದ್ದನೆಯದು ಸೊನ್ನೆ, ಉಳಿದೆರಡು 5 ಮತ್ತು 10 ಡಿಗ್ರಿ. ಹಳೇ ಗಾಡಿಗಳಲ್ಲಿ ಇವು ಕೆಳಗಡೆ ಇದ್ದು ನೆಲದ ಮೇಲೆ ಮಲಗಿಯೇ ನೋಡಬೇಕು. ಎಣ್ಣೆ ಮಣ್ಣು ಕೆರೆದು, ಕಚ್ಚಿಗೂ ಮೊನೆಗೂ ಬಿಳಿ ನೇಲ್ ಪಾಲಿಶ್ ಹಚ್ಚಿಡಿ. ಆಮೇಲೆ ಕಣ್ಣು ಕಿರಿದು ಮಾಡಿ ಹುಡುಕುವ ಕಷ್ಟ ಇರುವುದಿಲ್ಲ.

ಈಗ ಕ್ಯಾಪ್ ತೆಗೆದು ರೋಟರ್ ಒಂದನೇ ಪ್ಲಗ್ ವೈರ್ ಕಡೆ ನೋಡುತ್ತಿದೆಯಾ ಅಂತ ಪರೀಕ್ಷಿಸಿ. ರೋಟರ್ ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ವೈರ್‌ಗಳು ಅದೇ ದಿಕ್ಕಿನಲ್ಲಿ 1-3-4-2 ಇರಬೇಕು. ಪಾಯಿಂಟ್ ಇದ್ದಾಗ ಒಂದು ಬಲ್ಬ್ ಹಿಡಿದು ಇಂಜಿನ್ ನಿಂತಿರುವಾಗಲೇ ಟೈಮಿಂಗ್ ಇಡಬಹುದಿತ್ತು. ಬಹಳಷ್ಟು ಕಿಟ್‌ಗಳಲ್ಲಿ ಅದು ಆಗುವುದಿಲ್ಲ. ಅಂದಾಜಿಗೆ ಇಟ್ಟು, ಸ್ಟಾರ್ಟ್ ಮಾಡಿ, ಒಂದನೇ ಪ್ಲಗ್‌ಗೆ ಕಿಡಿ ಹೋದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟಿನಲ್ಲಿ ಸರಿಮಾಡಬೇಕು. ಹಾಗಾಗಿ ಟೈಮಿಂಗ್ ಲೈಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ ಅಂತಲೇ ನಾನು ಹೇಳುವುದು.

ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ವ್ಯಾಕ್ಯೂಮ್ ಪೈಪನ್ನು ತೆಗೆದು ಕಾರ್ಬೊರೇಟರ್ ಕಡೆಯ ಬಾಯಿ ಮುಚ್ಚಿ. ಐಡ್ಲಿಂಗನ್ನು 600ರಿಂದ 700 ಆರ್‌ಪಿಎಂಗೆ ಇಳಿಸಿ. ಈ ಇಳಿಸುವುದು ಬಹಳ ಮುಖ್ಯ. ಐಡ್ಲಿಂಗ್ ಸಾವಿರದ ಮೇಲಿದ್ದರೆ ಒಳಗಿನ ತೂಕಗಳು ಆಗಲೇ ಹಾರಲು ಶುರುಮಾಡಿರುತ್ತವೆ, ಲೈಟ್ ತೋರಿಸುವ ಅಂಕಿ ನಿಜವಾದ್ದಲ್ಲ. ಒಂದನೇ ವೈರಿಗೆ ಲೈಟಿನ ಕ್ಲಿಪ್ ಹಾಕಿ ಪುಲ್ಲಿಗೆ ಬೆಳಕು ಬಿಡಿ. ಓಡುತ್ತಿರುವ ಪುಲ್ಲಿಯ ಮೇಲೆ ಬಿಳಿ ಗುರುತು ನಿಂತಂತೆ ಕಾಣುತ್ತದೆ. ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಸಡಿಲ ತೋಳು, ಟವೆಲ್ ಇರಬಾರದು.

ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ ಬಾಡಿಯನ್ನು ಕೂದಲೆಳೆಯಷ್ಟೇ ತಿರುಗಿಸಿ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಅಡ್ವಾನ್ಸ್, ಉಲ್ಟಾ ತಿರುಗಿಸಿದರೆ ರಿಟಾರ್ಡ್, ಅಂದರೆ ಕಿಡಿ ತಡ. ಲ್ಯೂಕಸ್ ವಿನ್ಯಾಸದ ಹಳೇ ಡಿಸ್ಟ್ರಿಬ್ಯೂಟರಾದರೆ ವ್ಯಾಕ್ಯೂಮ್ ಡಬ್ಬಿಯ ಬುಡದಲ್ಲಿ ಒಂದು ಗುಂಡು ತಿರುಪು ಇರುತ್ತದೆ. ಅದರ ಪಕ್ಕ ಅಡ್ವಾನ್ಸಿಗೆ ಎ, ರಿಟಾರ್ಡಿಗೆ ಆರ್ ಅಂತ ಇಂಗ್ಲಿಷ್ ಅಕ್ಷರ ಕೊರೆದಿರುತ್ತಾರೆ. ಕ್ಲ್ಯಾಂಪ್ ಬಿಗಿ ಮಾಡಿದ ಮೇಲೂ ಸೂಕ್ಷ್ಮವಾಗಿ ಸರಿಮಾಡಲು ಅದು ಬಹಳ ಅನುಕೂಲ. ಎಷ್ಟು ಡಿಗ್ರಿ ಅಂತ ಮ್ಯಾನ್ಯುಯಲ್ ಹೇಳುತ್ತದೆ. ಮ್ಯಾನ್ಯುಯಲ್ ಕೈಯಲ್ಲಿಲ್ಲದಿದ್ದರೆ 5 ಡಿಗ್ರಿಯಿಂದ ಶುರುಮಾಡಿ, ರಸ್ತೆಯಲ್ಲಿ ನೋಡಿ ಮುಂದುವರಿಯಿರಿ.

ಬೆಳಕಿನಲ್ಲಿ ಗುರುತು ನಿಲ್ಲದೆ ಅತ್ತಿತ್ತ ಕುಣಿಯುತ್ತಿದೆಯಾ? ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಬುಷ್ ಸವೆದು ಆಟ ಬಂದಿದ್ದರೆ ಪಾಯಿಂಟ್ ಕಾಲದಲ್ಲಿ ಅದು ಗ್ಯಾಪನ್ನೇ ಕೆಡಿಸುತ್ತಿತ್ತು. ಹಾಲ್ ಸೆನ್ಸರ್ ಅಷ್ಟು ಬೇಗ ಕೆಡುವುದಿಲ್ಲ, ಆದರೆ ಸವೆತವನ್ನು ಪೂರ್ತಿ ಮುಚ್ಚಲು ಅದರಿಂದಲೂ ಆಗದು. ಬುಷ್ ಬದಲಾಯಿಸುವುದೇ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೇ ಕಾರಿನ ಸಾಮಾನು ಗೊತ್ತಿರುವವರನ್ನು ವಿಚಾರಿಸಿ, ಒಳ್ಳೇ ಲೇತ್ ಇರುವವರೂ ಮಾಡಿಕೊಡುತ್ತಾರೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಗಾಡಿ ಓಡುವುದು ಐಡ್ಲಿಂಗಿನಲ್ಲಲ್ಲ, ಎರಡು ಮೂರು ಸಾವಿರ ಆರ್‌ಪಿಎಂನಲ್ಲಿ. ಅಲ್ಲಿ ಒಟ್ಟು ಎಷ್ಟು ಅಡ್ವಾನ್ಸ್ ಬರುತ್ತಿದೆ ಅಂತ ನೋಡಬೇಕು. ಕವರಿನಲ್ಲಿ 10 ಡಿಗ್ರಿಗಿಂತ ಮುಂದೆ ಮೊನೆಯಿಲ್ಲವಲ್ಲ, ಪುಲ್ಲಿಯ ಮೇಲೆ ನೀವೇ ಗುರುತು ಮಾಡಿಕೊಳ್ಳಿ. ಪುಲ್ಲಿಯ ಅಡ್ಡಳತೆ 130 ಮಿ.ಮೀ. ಇದೆ ಅಂದುಕೊಳ್ಳಿ. ಸುತ್ತಳತೆ ಸುಮಾರು 408 ಮಿ.ಮೀ. ಅದರ ಹನ್ನೆರಡನೇ ಒಂದು ಪಾಲು, ಅಂದರೆ 34 ಮಿ.ಮೀ., 30 ಡಿಗ್ರಿಗೆ ಸಮ. ಕಚ್ಚಿನಿಂದ ಇಂಜಿನ್ ತಿರುಗುವ ದಿಕ್ಕಿಗೆ ಅಷ್ಟು ಅಳೆದು ಇನ್ನೊಂದು ಗುರುತು ಹಾಕಿ. ಆ ಗುರುತು ಸೊನ್ನೆ ಮೊನೆಯ ಎದುರು ಬಂದಾಗ 30 ಡಿಗ್ರಿ. ವ್ಯಾಕ್ಯೂಮ್ ಪೈಪ್ ತೆಗೆದಿಟ್ಟೇ ಇಂಜಿನ್ನನ್ನು ನಿಧಾನ ರೈಸ್ ಮಾಡಿ. ಗುರುತು ಎಲ್ಲೂ ತಡವರಿಸದೆ ಸರಿಯುತ್ತಾ ಹೋಗಬೇಕು, 3000ದ ಮೇಲೆ ಒಂದು ಕಡೆ ನಿಲ್ಲಬೇಕು. ಈ ಮನೆತನದ ಇಂಜಿನ್ನುಗಳಿಗೆ ಒಟ್ಟು 30ರಿಂದ 34 ಡಿಗ್ರಿ ಸಾಮಾನ್ಯ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಐಡ್ಲಿಂಗಿನ ಅಂಕಿ ಬಿಟ್ಟು ಒಟ್ಟು ಅಂಕಿಯನ್ನು ನಂಬಿ, ರಿಟಾರ್ಡ್ ಮಾಡಿ. ಪಿಸ್ಟನ್ ತೂತಾಗುವುದು ಐಡ್ಲಿಂಗಿನಲ್ಲಲ್ಲ.

ಗುರುತು ಒಮ್ಮೆಲೇ ಹಾರಿದರೆ ಸ್ಪ್ರಿಂಗ್ ಸಡಿಲವಾಗಿದೆ ಅಥವಾ ತುಂಡಾಗಿದೆ. ಅಲುಗಾಡದೇ ಇದ್ದರೆ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿವೆ. ರೋಟರ್ ತೆಗೆದು ಮೇಲಿನಿಂದ ಎರಡು ಹನಿ ಎಣ್ಣೆ ಬಿಟ್ಟರೆ ಸಣ್ಣ ಅಂಟು ಬಿಡುತ್ತದೆ. ಕೊನೆಗೆ ವ್ಯಾಕ್ಯೂಮ್ ಪೈಪನ್ನು ಬಾಯಿಂದ ಹೀರಿ ನೋಡಿ. ಪ್ಲೇಟ್ ಅಲುಗಾಡಬೇಕು, ನಾಲಿಗೆ ಅಡ್ಡ ಹಿಡಿದರೆ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಬ್ಬಿಯ ಡಯಾಫ್ರಾಮ್ ಹರಿದಿದೆ. ಮೈಲೇಜ್ ಕಮ್ಮಿಯಾಗಲು ಇದೊಂದೇ ಸಾಕು.

ಈಗ ಕಾರ್ಬೊರೇಟರ್

ಕಿಡಿ ಬಲವಾಗಿಯೂ ಹೊತ್ತಿಗೆ ಸರಿಯಾಗಿಯೂ ಬರುತ್ತಿರುವಾಗ ಮೊದಲಿನಷ್ಟು ಪೆಟ್ರೋಲ್ ಬೇಕಾಗುವುದಿಲ್ಲ. ಸೈಲೆನ್ಸರ್ ಕಪ್ಪಾಗುವುದು ಇದಕ್ಕೇ. ನಿಮ್ಮ ಗಾಡಿಯಲ್ಲಿ ಎಸ್‌ಯು ಕಂಪನಿಯ ಕಾರ್ಬೊರೇಟರ್ ಇರಬಹುದು, ಸೋಲೆಕ್ಸ್‌ನದ್ದು ಇರಬಹುದು. ಕೈ ಬದಲಾದ ಹಳೇ ಗಾಡಿಗಳಲ್ಲಿ ಏನು ಬೇಕಾದರೂ ಇರುತ್ತದೆ.

ಎಸ್‌ಯು ಆದರೆ ಡ್ಯಾಶ್‌ಪಾಟಿನಲ್ಲಿ ತೆಳು ಎಣ್ಣೆ ಇದೆಯಾ ಮೊದಲು ನೋಡಿ. ಕೆಳಗಿನ ಜೆಟ್ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಕೆಳಕ್ಕೆ ತಿರುಗಿಸಿದರೆ ಜಾಸ್ತಿ. ಒಂದು ಸಲಕ್ಕೆ ನಟ್ಟಿನ ಒಂದೇ ಮುಖ, ಅಂದರೆ ಆರನೇ ಒಂದು ಸುತ್ತು. ಆಮೇಲೆ ಒಳಗಿನ ಪಿಸ್ಟನ್ನನ್ನು ಪಿನ್ನಿನಿಂದ ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಿ ಇಂಜಿನ್ ಏನು ಹೇಳುತ್ತದೆ ಕೇಳಿ. ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಬಿದ್ದರೆ ಕಮ್ಮಿ. ಒಂಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಸೋಲೆಕ್ಸ್ ಆದರೆ ಮಿಕ್ಸ್ಚರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತಾ ಇಂಜಿನ್ ಕುಂಟುವ ಜಾಗ ಹುಡುಕಿ, ಅಲ್ಲಿಂದ ಹೊರಕ್ಕೆ ತಂದು ಅತಿ ನಯವಾಗಿ ಓಡುವ ಜಾಗದಲ್ಲಿ ಬಿಡಿ. ಐಡ್ಲಿಂಗ್ ಏರಿದ್ದರೆ ಇಳಿಸಿ, ಮತ್ತೊಮ್ಮೆ ಟೈಮಿಂಗ್ ಲೈಟ್ ಹಿಡಿಯಿರಿ.

ಇದರ ಮೇಲೆ ಈಗಿನ ಪೆಟ್ರೋಲಿನ ವಿಷಯವೂ ಸೇರಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಎಲ್ಲ ಕಡೆ ಅದೇ ಸಿಗುತ್ತದೆ. ಶುದ್ಧ ಪೆಟ್ರೋಲ್ ಒಂದು ಕೆಜಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಕೆಜಿ ಸಾಕು. ಇ20ಗೆ ಲೆಕ್ಕ ಹಾಕಿದರೆ ಹದಿಮೂರೂವರೆ ಚಿಲ್ಲರೆ. ಹೊಸ ಕಾರುಗಳ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬೊರೇಟರಿನ ಜೆಟ್ಟಿಗೆ ಆ ಬುದ್ಧಿ ಇಲ್ಲ. ಹಳೇ ಪೆಟ್ರೋಲಿಗೆ ಸರಿಯಿದ್ದ ಜೆಟ್ ಇ20ಗೆ ಬಡಕಲು ಮಿಶ್ರಣ, ಅಂದರೆ ಪೆಟ್ರೋಲ್ ಕಮ್ಮಿಯಾದ ಮಿಶ್ರಣ, ಕೊಡುತ್ತದೆ. ಹಾಗಾಗಿ ಹಳೇ ಪುಸ್ತಕದ ಸೆಟ್ಟಿಂಗ್ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ಎಸ್‌ಯುನಲ್ಲಿ ನಟ್ಟಿನ ಒಂದೆರಡು ಮುಖ ಜಾಸ್ತಿ, ಸೋಲೆಕ್ಸಿನಲ್ಲಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಪೆಟ್ರೋಲ್ ಪೈಪಿನ ಹಳೇ ರಬ್ಬರನ್ನೂ ಎಥನಾಲ್ ತಿನ್ನುತ್ತದೆ, ಬದಲಾಯಿಸಿಬಿಡಿ. ಒಂದು ಒಳ್ಳೆಯದೂ ಇದೆ. ಎಥನಾಲಿನಿಂದ ಆಕ್ಟೇನ್ ಏರುವುದರಿಂದ ನಾಕಿಂಗ್, ಅಂದರೆ ಏರಿನ ಆ ಕಟಕಟ, ಅಷ್ಟು ಬೇಗ ಬರುವುದಿಲ್ಲ.

ರಸ್ತೆಯಲ್ಲಿ

ಗ್ಯಾರೇಜಿನಲ್ಲಿ ಸಿಕ್ಕಿದ್ದು ಅರ್ಧ ಉತ್ತರ. ಇನ್ನರ್ಧಕ್ಕೆ ಒಂದು ಒಳ್ಳೇ ಏರು ಬೇಕು. ಬೆಂಗಳೂರಿನವರಿಗೆ ನಂದಿ ಬೆಟ್ಟ, ಕರಾವಳಿ ಕಡೆಯವರಿಗೆ ಶಿರಾಡಿ ಘಾಟಿ. ಇಂಜಿನ್ ಬಿಸಿಯಾದ ಮೇಲೆ ಹದವಾದ ಏರಿನಲ್ಲಿ ಟಾಪ್ ಗೇರಿಟ್ಟು, ವೇಗ ಕಮ್ಮಿ ಇರುವಾಗ ಆಕ್ಸಿಲರೇಟರ್ ಒತ್ತಿ. ಡಬ್ಬಿಯಲ್ಲಿ ಸಣ್ಣ ಮೊಳೆ ಅಲ್ಲಾಡಿಸಿದ ಸದ್ದು ಬಂದರೆ ನಾಕಿಂಗ್. ತಕ್ಷಣ ಕಾಲು ತೆಗೆಯಿರಿ, ಒಂದೆರಡು ಡಿಗ್ರಿ ರಿಟಾರ್ಡ್ ಮಾಡಿ ಮತ್ತೆ ನೋಡಿ. ಸದ್ದೇ ಬರದೆ, ಗಾಡಿಯೂ ಎಳೆಯದೆ, ನೀರು ಬೇಗ ಬಿಸಿಯಾಗುತ್ತಿದ್ದರೆ ಟೈಮಿಂಗ್ ಹಿಂದೆ ಬಿದ್ದಿದೆ. ತಡವಾಗಿ ಹೊತ್ತಿದ ಬೆಂಕಿ ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ಬಿಸಿ ಮಾಡುತ್ತದೆ. ಸೆಲ್ಫ್ ಹೊಡೆದಾಗ ಇಂಜಿನ್ ಹಿಂದಕ್ಕೆ ಒದ್ದರೆ ಅಡ್ವಾನ್ಸ್ ಜಾಸ್ತಿ. ಕೀ ಆಫ್ ಮಾಡಿದ ಮೇಲೂ ಗಡಗಡ ಅಂತ ನಾಲ್ಕು ಸುತ್ತು ತಿರುಗಿದರೆ ಐಡ್ಲಿಂಗ್ ಜಾಸ್ತಿ ಇದೆ ಅಥವಾ ಒಳಗೆ ಕಾರ್ಬನ್ ಕಟ್ಟಿದೆ. ಇದಕ್ಕೆ ಕಿಟ್ ಕಾರಣವಲ್ಲ.

ಹತ್ತು ಹದಿನೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ಹಾಕಿ ರಸ್ತೆ ಬದಿಗೆ ನಿಲ್ಲಿಸಿ. ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿದರೆ ಪ್ಲಗ್ಗಿನ ಬಣ್ಣ ಬದಲಾಗುತ್ತದೆ. ಕೈ ಸುಡದಷ್ಟು ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿಚಿಕೊಂಡು ತುದಿಯಲ್ಲಿ ಸಣ್ಣ ಗುಳ್ಳೆ ಕಂಡರೆ ಮಿಶ್ರಣ ಬಡಕಲು ಅಥವಾ ಅಡ್ವಾನ್ಸ್ ಜಾಸ್ತಿ, ಎರಡೂ ಅಪಾಯ. ಮೂರು ಸರಿಯಿದ್ದು ಒಂದು ಮಾತ್ರ ಬೇರೆ ಇದ್ದರೆ ಕಾರ್ಬೊರೇಟರ್ ಮುಟ್ಟಬೇಡಿ. ಆ ಸಿಲಿಂಡರಿನ ವೈರ್, ಪ್ಲಗ್, ಟ್ಯಾಪೆಟ್, ಕಂಪ್ರೆಷನ್ ನೋಡಿ.

ಐನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಟೈಮಿಂಗ್ ಲೈಟ್ ಹಿಡಿಯಿರಿ. ಅಂಕಿ ಬದಲಾಗಿದ್ದರೆ ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಜಾರಿದೆ, ಬೇರೇನಲ್ಲ. ತೆಗೆದ ಸಿಬಿ ಪಾಯಿಂಟ್, ಕಂಡೆನ್ಸರ್, ಅದರ ಸ್ಕ್ರೂಗಳು, ಒಂದು ಫೀಲರ್ ಗೇಜ್ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಸವೆದ ಪಾಯಿಂಟ್ ಕೆಡುವ ಮುಂಚೆ ನಾಲ್ಕು ದಿನ ಸೂಚನೆ ಕೊಡುತ್ತದೆ, ಮಾಡ್ಯೂಲ್ ಮಾತ್ರ ಹೇಳದೆ ಕೇಳದೆ ನಿಂತುಬಿಡುತ್ತದೆ. ಡಬ್ಬಿಯಲ್ಲಿ ಒಂದು ಚೀಟಿಯೂ ಇರಲಿ: ಪಾಯಿಂಟ್ ಗ್ಯಾಪ್ 15 ಥೌ, ಪಾಯಿಂಟಿನಲ್ಲಿ ಡಿಸ್ಟ್ರಿಬ್ಯೂಟರ್ ಎಲ್ಲಿ ನಿಲ್ಲುತ್ತಿತ್ತು ಅನ್ನುವ ಗುರುತು, ಕಿಟ್ಟಿನಲ್ಲಿ ಎಲ್ಲಿ ನಿಲ್ಲುತ್ತದೆ ಅನ್ನುವ ಗುರುತು.